ಟ್ರೇನಿಂಗ್ ಕೇಳಿದವರಿಗೆ ಬಿದ್ದ ಅಡ್ಡಹೆಸರು

2017ರ ಜೂನ್. ಹೊಸ 737 ಮ್ಯಾಕ್ಸ್ ಹಾರಿಸುವ ಮೊದಲು ನಮ್ಮ ಪೈಲಟ್‌ಗಳಿಗೆ ಸಿಮ್ಯುಲೇಟರ್ (ನೆಲದ ಮೇಲೇ ಹಾರಾಟದ ಅನುಭವ ಕೊಡುವ ನಕಲಿ ಕಾಕ್‌ಪಿಟ್, ಚುಟುಕಾಗಿ ಸಿಮ್) ತರಬೇತಿ ಬೇಕು ಅನ್ನುವ ಮಾತು ಇಂಡೋನೇಷ್ಯಾದ ಲಯನ್ ಏರ್ ಕಡೆಯಿಂದ ಬೋಯಿಂಗ್‌ಗೆ ಬಂತು. ಇದರಲ್ಲಿ ಅಂಥ ವಿಶೇಷ ಏನೂ ಇಲ್ಲ. ಹೊಸ ಟ್ರ್ಯಾಕ್ಟರ್ ತಂದ ದಿನ, ಶೋರೂಮಿನವರೇ ಬಂದು ಗದ್ದೆಯಲ್ಲಿ ಒಂದು ಸುತ್ತು ಓಡಿಸಿ ತೋರಿಸಲಿ ಅಂತ ನಮ್ಮ ರೈತರೂ ಕೇಳುತ್ತಾರೆ. ಇಲ್ಲಿ ಟ್ರ್ಯಾಕ್ಟರ್ ಬದಲು ಕೋಟಿಗಟ್ಟಲೆ ಬೆಲೆಯ ವಿಮಾನ, ಹಿಂದೆ ನೂರೈವತ್ತಕ್ಕೂ ಜಾಸ್ತಿ ಜನ.

ಆ ಕೇಳಿಕೆ ಬಂದಾಗ ಬೋಯಿಂಗ್ ಒಳಗೆ ಇಬ್ಬರು ಉದ್ಯೋಗಿಗಳು ಚಾಟ್ ಮಾಡಿಕೊಂಡರು. ಒಬ್ಬ ಬರೆದದ್ದರ ಸಾರ ಹೀಗಿದೆ: ಈಗ ಈ ಹಾಳು ಲಯನ್ ಏರ್‌ಗೆ ಮ್ಯಾಕ್ಸ್ ಹಾರಿಸೋಕೆ ಸಿಮ್ ಬೇಕಾಗಬಹುದಂತೆ, ಅದೂ ಬಹುಶಃ ಅವರದೇ ದಡ್ಡತನದಿಂದ, ಇದನ್ನು ಹೇಗೆ ಬಿಡಿಸೋದು ಅಂತ ಒದ್ದಾಡ್ತಿದ್ದೀನಿ. ಕೊನೆಯಲ್ಲಿ ಒಂದೇ ಪದ. ಈಡಿಯಟ್ಸ್. ಎದುರಿನವನು ದೊಡ್ಡಕ್ಷರದಲ್ಲಿ ಒಂದು ಬೈಗುಳ ಹಾಕಿ, ಅವರದೇ ಬಳಗದ ಇನ್ನೊಂದು ಕಂಪನಿ ಆಗಲೇ ಹಾರಿಸ್ತಾ ಇದೆಯಲ್ಲ ಅಂದ. ಅವನು ಹೇಳಿದ್ದು ಮಲೇಷ್ಯಾದ ಮಲಿಂಡೋ ಏರ್ ಬಗ್ಗೆ. ಮ್ಯಾಕ್ಸ್ ವಿಮಾನ ಮೊದಲು ಕೈಗೆ ಬಂದದ್ದೇ ಅವರಿಗೆ, ಅದರ ಹಿಂದಿನ ತಿಂಗಳು.

ಆಮೇಲೆ ಲಯನ್ ಏರ್‌ಗೆ ಸಿಮ್ಯುಲೇಟರ್ ಬೇಡ ಅಂತ ಒಪ್ಪಿಸಲಾಯಿತು. ಹದಿನಾರು ತಿಂಗಳು ಕಳೆದು, 2018ರ ಅಕ್ಟೋಬರ್ 29ರಂದು, ಅವರ ಮ್ಯಾಕ್ಸ್ ವಿಮಾನ ಜಾವಾ ಸಮುದ್ರಕ್ಕೆ ಬಿತ್ತು. 189 ಜನ ಹೋದರು.

ವಿಮಾನಯಾನದ ಅಡ್ಡಹೆಸರುಗಳ ಬಗ್ಗೆ ಬರೆಯಬೇಕು ಅಂದಾಗ ನನಗೆ ಬೇರೆ ಬೇಕಾದಷ್ಟು ಸಾಮಗ್ರಿ ಇತ್ತು. ಪ್ರಯಾಣಿಕರಿಗೆ ‘ತಾನಾಗಿ ಹತ್ತಿ ಕೂರುವ ಸರಕು’ ಅಂತ ಒಂದು ಹೆಸರಿದೆ. ಮೆಕ್ಯಾನಿಕ್‌ಗೆ ‘ಗ್ರೀಸ್ ಮಂಗ’. ಗಗನಸಖಿಯರಿಗೆ ತಳ್ಳುಗಾಡಿಯ ಗೊಂಬೆ ಅಂತ ಬ್ರಿಟಿಷರು ಇಟ್ಟ ಹೆಸರು ಇನ್ನೂ ಸತ್ತಿಲ್ಲ. ಅವೆಲ್ಲ ಕೀಳೇ, ಸಂಶಯ ಇಲ್ಲ. ಆದರೆ ನನ್ನನ್ನು ಬಿಡದೆ ಕಾಡಿದ್ದು ಈ ಒಂದು ‘ಈಡಿಯಟ್ಸ್’. ಉಳಿದವು ಮನಸ್ಸು ನೋಯಿಸುತ್ತವೆ. ಇದು ಒಂದು ಕೆಲಸವನ್ನೂ ಮಾಡಿತು. ಒಂದು ಪ್ರಶ್ನೆಯನ್ನು ತೆಗೆದು, ಅದನ್ನು ಕೇಳಿದವನ ದೋಷ ಮಾಡಿಟ್ಟಿತು.

ಸಿಮ್ ಅಂದರೆ ಯಾಕೆ ಅಷ್ಟು ಸಿಟ್ಟು

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 737 ಹಳೇ ವಿಮಾನ. ಮೊದಲು ಹಾರಿದ್ದು 1967ರಲ್ಲಿ. 2010ರ ಕೊನೆಗೆ ಏರ್‌ಬಸ್ ಕಂಪನಿ ಕಡಿಮೆ ಎಣ್ಣೆ ಕುಡಿಯುವ ಎ320 ನಿಯೋ ಘೋಷಿಸಿತು. ಬೋಯಿಂಗ್‌ಗೆ ನಡುಕ ಹುಟ್ಟಿತು. ಹೊಸ ವಿಮಾನ ಬಿಡಿಸೋಕೆ ವರ್ಷಗಟ್ಟಲೆ ಬೇಕು, ಗಿರಾಕಿಗಳು ಅಷ್ಟು ಹೊತ್ತು ಕಾಯುವುದಿಲ್ಲ. 2011ರಲ್ಲಿ ಅದು ಹಳೇ 737ಗೇ ಹೊಸ ದೊಡ್ಡ ಎಂಜಿನ್ ಕೂರಿಸುವ ದಾರಿ ಹಿಡಿಯಿತು. ಅದೇ ಮ್ಯಾಕ್ಸ್.

ಮಾರುವಾಗ ಬೋಯಿಂಗ್ ಹೇಳಿದ ದೊಡ್ಡ ಮಾತು ಇದು: ಹಳೇ 737 ಹಾರಿಸುವ ಪೈಲಟ್ ಮ್ಯಾಕ್ಸ್‌ಗೆ ಬರಲು ಸಿಮ್ಯುಲೇಟರ್ ಬೇಡ. ಕಂಪ್ಯೂಟರಿನಲ್ಲೋ ಐಪ್ಯಾಡಿನಲ್ಲೋ ಒಂದೆರಡು ಗಂಟೆಯ ಪಾಠ ನೋಡಿದರೆ ಸಾಕು. ಗಿರಾಕಿಗೆ ಇದು ಎಷ್ಟು ಉಳಿತಾಯ ಅಂತ ಯೋಚಿಸಿ. ನೂರಾರು, ಸಾವಿರಾರು ಪೈಲಟ್‌ಗಳನ್ನು ಕೆಲಸದಿಂದ ಬಿಡಿಸಿ, ಸಿಮ್ಯುಲೇಟರ್ ಇರುವ ಊರಿಗೆ ಕಳಿಸಿ, ಅಲ್ಲಿ ಇಟ್ಟು, ವಾಪಸ್ ಕರೆಸಬೇಕು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಜತೆಗಿನ ಒಪ್ಪಂದದಲ್ಲಂತೂ ಇದು ಬರವಣಿಗೆಯಲ್ಲೇ ಇತ್ತು. ಸಿಮ್ಯುಲೇಟರ್ ತರಬೇತಿ ಕಡ್ಡಾಯವಾದರೆ ಪ್ರತಿ ವಿಮಾನಕ್ಕೆ 10 ಲಕ್ಷ ಡಾಲರ್ ಬೋಯಿಂಗ್ ಬಿಟ್ಟುಕೊಡಬೇಕು.

ಈಗ ಆ ಚಾಟ್ ಮತ್ತೊಮ್ಮೆ ಓದಿ. ಲಯನ್ ಏರ್ ಕೇಳಿದ್ದು ತರಬೇತಿ. ಬೋಯಿಂಗ್ ಕಿವಿಗೆ ಬಿದ್ದದ್ದು ದುಡ್ಡಿನ ಸದ್ದು. ಒಬ್ಬ ಗಿರಾಕಿಗೆ ಕೊಟ್ಟರೆ ನಾಳೆ ಇನ್ನೊಬ್ಬ ಕೇಳುತ್ತಾನೆ. ಆಮೇಲೆ ಒಂದು ದೇಶದ ನಿಯಂತ್ರಕರು ಕೇಳುತ್ತಾರೆ. ದಾರ ಎಳೆದರೆ ಸ್ವೆಟರ್ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಮ್ಯಾಕ್ಸ್ ತಂಡದ ಮುಖ್ಯ ತಾಂತ್ರಿಕ ಪೈಲಟ್ ಮಾರ್ಕ್ ಫೋರ್ಕ್ನರ್. 2017ರ ಮಾರ್ಚಿನಲ್ಲಿ ಅವರು ಬರೆದ ಒಂದು ಇಮೇಲ್ ಇದೆ. ಹಳೆಯದರಿಂದ ಮ್ಯಾಕ್ಸ್‌ಗೆ ಬರಲು ಯಾವ ಬಗೆಯ ಸಿಮ್ಯುಲೇಟರ್ ತರಬೇತಿಯೂ ಇರುವುದಿಲ್ಲ, ಬೋಯಿಂಗ್ ಅದಕ್ಕೆ ಬಿಡುವುದಿಲ್ಲ, ಕಡ್ಡಾಯ ಮಾಡಹೊರಟ ಯಾವ ನಿಯಂತ್ರಕರ ಎದುರೂ ಮುಖಾಮುಖಿ ನಿಲ್ಲುತ್ತೇವೆ ಅನ್ನುವುದು ಅದರ ಒಕ್ಕಣೆ. ಇದರಲ್ಲಿ ಒಂದು ಕೆಟ್ಟ ಪದವೂ ಇಲ್ಲ ಅನ್ನುವುದನ್ನು ಗಮನಿಸಿ. ಸಭ್ಯ, ನೀಟಾದ ಆಫೀಸ್ ಭಾಷೆ. ಚಾಟ್‌ನ ‘ಈಡಿಯಟ್ಸ್’ ಮಾಡಿದ ಕೆಲಸವನ್ನೇ ಈ ನೀಟಾದ ಇಮೇಲ್ ಕೂಡ ಮಾಡುತ್ತಿತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

ಒಂದೇ ಕಡತದ ಮೂರು ಬೈಗುಳ

2020ರ ಜನವರಿ 9ರಂದು ಬೋಯಿಂಗ್ ನೂರಕ್ಕೂ ಹೆಚ್ಚು ಪುಟಗಳ ಒಳ ಮಾತುಕತೆಯನ್ನು ಹೊರಗೆ ಬಿಟ್ಟಿತು. ಅಷ್ಟೊತ್ತಿಗೆ ಎರಡು ವಿಮಾನ ಬಿದ್ದಿದ್ದವು, ಅಮೆರಿಕದ ಸಂಸತ್ತು ತನಿಖೆ ನಡೆಸುತ್ತಿತ್ತು. ಬಹುತೇಕ ಹೆಸರುಗಳಿಗೆ ಕಪ್ಪು ಬಳಿದಿದ್ದರು. ಮಾತು ಮಾತ್ರ ಹಾಗೇ ಇತ್ತು.

ಮಾರನೇ ದಿನ ಲೋಕದ ಪತ್ರಿಕೆಗಳೆಲ್ಲ ಹಿಡಿದುಕೊಂಡದ್ದು ಒಂದೇ ಸಾಲನ್ನು. ಈ ವಿಮಾನವನ್ನು ವಿನ್ಯಾಸ ಮಾಡಿದವರು ಕೋಡಂಗಿಗಳು, ಅವರ ಮೇಲ್ವಿಚಾರಣೆ ಮಾಡುವವರು ಮಂಗಗಳು. 2017ರ ಏಪ್ರಿಲ್‌ನ ಚಾಟ್ ಅದು. ಓದಿದವರೆಲ್ಲ ನಕ್ಕರು, ಬೆಚ್ಚಿದರು, ಹಂಚಿಕೊಂಡರು. ನನಗೆ ಮಾತ್ರ ಇದು ಆ ಕಡತದಲ್ಲಿ ಇದ್ದುದರಲ್ಲಿ ಪ್ರಾಮಾಣಿಕ ಬೈಗುಳ ಅನ್ನಿಸಿತು. ಬೈಯುತ್ತಿರುವವನು ಒಳಗಿನವನು. ಬೈಯುತ್ತಿರುವುದು ತನ್ನ ಮೇಲಿನವರನ್ನು. ಏನೋ ಸರಿಯಿಲ್ಲ ಅಂತ ಅವನಿಗೆ ಗೊತ್ತು, ಹೇಳಲು ಜಾಗ ಇಲ್ಲ, ಅದಕ್ಕೆ ಚಾಟ್‌ನಲ್ಲಿ ಕಾರಿಕೊಳ್ಳುತ್ತಾನೆ. 2018ರ ಫೆಬ್ರುವರಿಯ ಇನ್ನೊಂದು ಚಾಟ್‌ನಲ್ಲಿ ಒಬ್ಬ ಕೇಳುತ್ತಾನೆ: ಮ್ಯಾಕ್ಸ್ ಸಿಮ್ಯುಲೇಟರಿನಲ್ಲಿ ಕಲಿತವರು ಹಾರಿಸುವ ವಿಮಾನದಲ್ಲಿ ನಿನ್ನ ಮನೆಯವರನ್ನು ಕೂರಿಸ್ತೀಯಾ? ನಾನಂತೂ ಕೂರಿಸಲ್ಲ. ಇನ್ನೊಬ್ಬ ಇಲ್ಲ ಅನ್ನುತ್ತಾನೆ. ಮತ್ತೊಬ್ಬ, ಕಳೆದ ವರ್ಷ ನಾನು ಮುಚ್ಚಿಹಾಕಿದ್ದಕ್ಕೆ ದೇವರು ಇನ್ನೂ ನನ್ನನ್ನು ಕ್ಷಮಿಸಿಲ್ಲ ಅಂತ ಬರೆದಿದ್ದಾನೆ.

ಎರಡನೇ ಬಗೆಯದು ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಎಎ ಬಗ್ಗೆ. ಕಂಪನಿ ಅವರಿಗೆ ಕೊಟ್ಟ ಒಂದು ವಿವರಣೆ ಎಷ್ಟು ಜಟಿಲವಾಗಿತ್ತು ಅಂದರೆ, ಅದು ‘ನಾಯಿಗಳು ಟಿವಿ ನೋಡಿದ ಹಾಗೆ’ ಇತ್ತು ಅಂತ ಒಬ್ಬ ಬರೆದ. ಆ ಹೋಲಿಕೆಯೊಳಗೆ ತನ್ನನ್ನೂ ಸೇರಿಸಿಕೊಂಡಿದ್ದ, ಅದೊಂದು ಸಮಾಧಾನ. ಆದರೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪರದೆ ಮೇಲೆ ಏನೋ ಓಡುತ್ತಿದೆ, ಎದುರಿಗೆ ಕೂತವರು ತಲೆ ವಾಲಿಸಿ ನೋಡುತ್ತಿದ್ದಾರೆ, ಏನೂ ಹತ್ತುತ್ತಿಲ್ಲ. ಆ ನೋಡುವವರ ಸಹಿ ಬಿದ್ದರೆ ವಿಮಾನ ಹಾರುತ್ತದೆ.

ಮೂರನೆಯದು ನಮ್ಮದು. ಅಂದರೆ ಭಾರತದ್ದು.

2017ರ ಕೊನೆಗೆ ನಮ್ಮಲ್ಲಿ ಜೆಟ್ ಏರ್‌ವೇಸ್ ಮತ್ತು ಸ್ಪೈಸ್‌ಜೆಟ್ ಎರಡೂ ಮ್ಯಾಕ್ಸ್‌ಗೆ ಆರ್ಡರ್ ಕೊಟ್ಟಿದ್ದವು. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ದೆಹಲಿಯ ಡಿಜಿಸಿಎ ಜತೆ ಬೋಯಿಂಗ್‌ನ ಒಬ್ಬ ಉದ್ಯೋಗಿ ತರಬೇತಿ ಬಗ್ಗೆ ಫೋನಿನಲ್ಲಿ ಮಾತಾಡಿದ. ಆ ಡಿಸೆಂಬರ್‌ನ ಚಾಟ್‌ನಲ್ಲಿ ಅವನ ಖುಷಿ ನೋಡಬೇಕು. ಈ ಪೆದ್ದರನ್ನು ಮಾತಿನ ಮಾಯೆಯಿಂದಲೇ ಮರುಳು ಮಾಡಿದೆ, ಇಂಥ ಒಂದೊಂದು ಕರೆಗೂ ನನಗೆ ಸಾವಿರ ಡಾಲರ್ ಕೊಡಬೇಕು, ಕಂಪನಿಗೆ ಎಷ್ಟು ದುಡ್ಡು ಉಳಿಸ್ತೀನಿ ಗೊತ್ತಾ ಅನ್ನುವ ಧಾಟಿ. ಹೆಚ್ಚಿನ ತರಬೇತಿ ಕೇಳಿದ್ದಕ್ಕೇ ಅವರಿಗೆ ತಾವು ದಡ್ಡರು ಅನ್ನಿಸುವ ಹಾಗೆ ಮಾಡುವುದು ಈ ಕರೆಗಳ ಉಪಾಯ ಅನ್ನುವುದೂ ಅದೇ ಕಡತದಲ್ಲಿ ಇದೆ.

ಕನ್ನಡದಲ್ಲಿ ನಾವು ಇದಕ್ಕೆ ‘ಮಂಗ ಮಾಡೋದು’ ಅಂತೀವಿ. ಇಲ್ಲವೇ ಕಿವಿ ಮೇಲೆ ಹೂ ಇಡೋದು. ನಮ್ಮ ನುಡಿಗಟ್ಟಿನಲ್ಲಿ ತಪ್ಪು ಮಂಗ ಆದವನದಲ್ಲ, ಮಾಡಿದವನದು. ಆ ಚಾಟ್‌ನಲ್ಲಿ ಅದು ತಿರುಗಾಮುರುಗಾ. ಅಲ್ಲಿ ಮರುಳಾದವನೇ ಪೆದ್ದ, ಮರುಳು ಮಾಡಿದವನು ಬೋನಸ್‌ಗೆ ಅರ್ಹ.

ಈ ಉಪಾಯ ನಮಗೇನೂ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದವರು ಯಾರೇ ಇರಲಿ, ಕ್ಲೈಂಟ್ ಕಾಲ್ ನಡೆಯುವಾಗ ಮ್ಯೂಟ್ ಒತ್ತಿದ ಕ್ಷಣ ರೂಮಿನಲ್ಲಿ ಏನಾಗುತ್ತದೆ ಅಂತ ಗೊತ್ತು. ನಮ್ಮ ಟೀಮಿನಲ್ಲಿ ಒಬ್ಬ ಕ್ಲೈಂಟ್‌ಗೆ ‘ಗೂಬೆ’ ಅಂತ ಹೆಸರಿತ್ತು. ಅದೇ ಪ್ರಶ್ನೆ ಮೂರು ಸಲ ಕೇಳಿದ್ದಕ್ಕೆ ಬಿದ್ದ ಹೆಸರು. ಆಮೇಲೆ ಅವನ ಮೇಲ್ ಬಂದರೆ ‘ಗೂಬೆ ಕೂಗ್ತು’ ಅನ್ನೋದು, ಒಬ್ಬರು ಸಿದ್ಧ ಉತ್ತರ ಅಂಟಿಸಿ ಕಳಿಸೋದು. ಆ ಮೇಲ್‌ಗಳನ್ನು ನಾನು ಪೂರ್ತಿ ಓದಿದ ನೆನಪೇ ಇಲ್ಲ. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ತಪ್ಪಾದರೆ ಒಂದು ಇನ್‌ವಾಯ್ಸ್ ತಪ್ಪಾಗುತ್ತಿತ್ತು, ಅಷ್ಟೇ. ಬೋಯಿಂಗ್ ಚಾಟ್ ಓದುವಾಗ ನನಗೆ ಮೊದಲು ನೆನಪಾದದ್ದು ಆ ಗೂಬೆ.

ಹನ್ನೆರಡು ನಿಮಿಷ

ಹಾಗಾದರೆ ಸಿಮ್ಯುಲೇಟರ್ ಕೇಳಿದವರು ನಿಜಕ್ಕೂ ಕೇಳುತ್ತಿದ್ದುದು ಏನನ್ನು? ಅದು ಅವರಿಗೇ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳಲಾಗಿತ್ತು.

ಮ್ಯಾಕ್ಸ್‌ನ ಎಂಜಿನ್‌ಗಳು ದೊಡ್ಡವು. ರೆಕ್ಕೆಯ ಕೆಳಗೆ ಹಳೇ ಜಾಗದಲ್ಲಿ ಹಿಡಿಸುವುದಿಲ್ಲ. ಅವನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಕೂರಿಸಿದರು. ಇದರಿಂದ ಕೆಲವು ಸಂದರ್ಭದಲ್ಲಿ ವಿಮಾನದ ಮೂಗು ಬೇಕಾದ್ದಕ್ಕಿಂತ ಸುಲಭವಾಗಿ ಮೇಲೇಳುತ್ತಿತ್ತು. ಹಳೇ 737ರ ಹಾಗೆಯೇ ಕೈಗೆ ಹತ್ತಬೇಕಲ್ಲ, ಅದಕ್ಕೆ ಎಂಕ್ಯಾಸ್ ಅನ್ನುವ ಸಾಫ್ಟ್‌ವೇರ್ ಹಾಕಿದರು. ಅದು ಹಿಂದಿನ ಬಾಲದ ಪಟ್ಟಿಯನ್ನು ತಾನೇ ತಿರುಗಿಸಿ ಮೂಗನ್ನು ಕೆಳಗೆ ಒತ್ತುತ್ತದೆ. ಮೊದಲ ಲೆಕ್ಕದಲ್ಲಿ ಒಂದು ಸಲಕ್ಕೆ 0.6 ಡಿಗ್ರಿ ತಿರುಗಿಸುತ್ತಿತ್ತು. ಆಮೇಲೆ ಅದನ್ನು 2.5 ಡಿಗ್ರಿಗೆ ಏರಿಸಿದರು. ಗಾಳಿಗೆ ವಿಮಾನ ಯಾವ ಕೋನದಲ್ಲಿದೆ ಅಂತ ಹೇಳುವ ಸೆನ್ಸರ್ ಮೂಗಿನ ಎರಡೂ ಬದಿಗೆ ಒಂದೊಂದು ಇದ್ದರೂ, ಎಂಕ್ಯಾಸ್ ಒಂದು ಹಾರಾಟದಲ್ಲಿ ಒಂದರ ಮಾತನ್ನು ಮಾತ್ರ ಕೇಳುತ್ತಿತ್ತು. ಆ ಒಂದು ಸುಳ್ಳು ಹೇಳಿದರೆ ಎಂಕ್ಯಾಸ್ ನಂಬುತ್ತದೆ.

ಪೈಲಟ್‌ಗಳ ಕೈಪಿಡಿಯಿಂದ ಎಂಕ್ಯಾಸ್ ಬಿಟ್ಟುಬಿಡೋಣ ಅಂತ ಬೋಯಿಂಗ್ ಕೇಳಿತು, ಎಫ್‌ಎಎ ಒಪ್ಪಿತು. 2016ರ ನವೆಂಬರ್‌ನಲ್ಲಿ ಸಿಮ್ಯುಲೇಟರಿನಲ್ಲಿ ಎಂಕ್ಯಾಸ್ ಹುಚ್ಚಾಪಟ್ಟೆ ವರ್ತಿಸಿದ್ದನ್ನು ಕಂಡ ಫೋರ್ಕ್ನರ್, ಹಾಗಾದರೆ ನಾನು ಗೊತ್ತಿಲ್ಲದೇ ನಿಯಂತ್ರಕರಿಗೆ ಸುಳ್ಳು ಹೇಳಿದ ಹಾಗಾಯಿತು ಅಂತ ಸಹೋದ್ಯೋಗಿಗೆ ಚಾಟ್ ಮಾಡಿದರು. ಸುಳ್ಳಲ್ಲ, ನಮಗೆ ಯಾರೂ ಹೇಳಿರಲಿಲ್ಲವಲ್ಲ ಅಂದ ಸಹೋದ್ಯೋಗಿ. ಕೈಪಿಡಿಯಲ್ಲಿ ಎಂಕ್ಯಾಸ್‌ನ ವಿವರಣೆ ಬರಲೇ ಇಲ್ಲ.

ಈಗ ಜಕಾರ್ತಾಕ್ಕೆ ಬನ್ನಿ. ಬೆಳಗ್ಗೆ 6 ಗಂಟೆ 20 ನಿಮಿಷ. ಲಯನ್ ಏರ್ 610 ಮೇಲೇರುತ್ತದೆ. ಹೋಗಬೇಕಾದದ್ದು ಪಂಕಲ್ ಪಿನಾಂಗ್‌ಗೆ, ಒಂದು ಗಂಟೆಯ ದಾರಿ. ಎಡಗಡೆಯ ಕೋನದ ಸೆನ್ಸರನ್ನು ಹಿಂದಿನ ದಿನ ಬಾಲಿಯಲ್ಲಿ ಬದಲಾಯಿಸಿದ್ದರು. ಹಾಕಿದ ಬದಲಿ ಭಾಗ ಫ್ಲೋರಿಡಾದ ಒಂದು ವರ್ಕ್‌ಶಾಪಿನಲ್ಲಿ ರಿಪೇರಿ ಆಗಿದ್ದು. ಅದು 21 ಡಿಗ್ರಿ ತಪ್ಪು ತೋರಿಸುತ್ತಿತ್ತು.

ನೆಲ ಬಿಟ್ಟ ಕೂಡಲೇ ಕ್ಯಾಪ್ಟನ್ ಕೈಯಲ್ಲಿದ್ದ, ವಿಮಾನ ನಡೆಸುವ ಕಂಬ ಗಡಗಡ ಅಲುಗತೊಡಗುತ್ತದೆ. ಅದನ್ನು ಸ್ಟಿಕ್ ಶೇಕರ್ ಅಂತಾರೆ. ವಿಮಾನ ಎತ್ತುವ ಬಲ ಕಳೆದುಕೊಳ್ಳುತ್ತಿದೆ ಹುಷಾರು ಅನ್ನುವ ಎಚ್ಚರಿಕೆ. ನಿಜಕ್ಕೂ ಅಂಥದ್ದೇನೂ ಆಗಿಲ್ಲ, ಸೆನ್ಸರ್ ಸುಳ್ಳು ಹೇಳುತ್ತಿದೆ. ಮೇಲೇರುವಾಗ ರೆಕ್ಕೆಯಿಂದ ಚಾಚಿರುವ ಫ್ಲ್ಯಾಪ್ ಅನ್ನುವ ಪಟ್ಟಿಗಳನ್ನು ಒಳಗೆಳೆದ ಮೇಲೆ ಎಂಕ್ಯಾಸ್ ಏಳುತ್ತದೆ. ಪೈಲಟ್‌ಗಳ ಮೊಣಕಾಲ ಪಕ್ಕದ, ಬಾಲದ ಪಟ್ಟಿಯ ಜತೆ ತಿರುಗುವ ಟ್ರಿಮ್ ಚಕ್ರ ತಾನಾಗಿ ಗರಗರ ತಿರುಗುತ್ತದೆ, ಮೂಗು ಕೆಳಗೆ ಹೋಗುತ್ತದೆ. ಕ್ಯಾಪ್ಟನ್ ಹೆಬ್ಬೆರಳಿನ ಸ್ವಿಚ್ ಒತ್ತಿ ಮೇಲೆತ್ತುತ್ತಾರೆ. ಐದು ಸೆಕೆಂಡ್ ಸುಮ್ನಿದ್ದು ಮತ್ತೆ ಚಕ್ರ ತಿರುಗುತ್ತದೆ. ಮತ್ತೆ ಎತ್ತುತ್ತಾರೆ. ಹೀಗೆ ಇಪ್ಪತ್ತಕ್ಕೂ ಜಾಸ್ತಿ ಸಲ. ಪಕ್ಕದಲ್ಲಿ ಸಹ ಪೈಲಟ್ ತುರ್ತು ಕೈಪಿಡಿಯಲ್ಲಿ ಸರಿಯಾದ ಪುಟ ಹುಡುಕುತ್ತಿದ್ದಾರೆ. ಎಂಕ್ಯಾಸ್ ಬಗ್ಗೆ ಅವರ ಕೈಪಿಡಿಯಲ್ಲಿ ವಿವರಣೆಯೇ ಇಲ್ಲ. ಕ್ಯಾಪ್ಟನ್ ವಿಮಾನವನ್ನು ಸಹ ಪೈಲಟ್ ಕೈಗೆ ಕೊಡುತ್ತಾರೆ. ಅವರು ಒತ್ತಿದ ಒತ್ತು ಸಾಕಾಗುವುದಿಲ್ಲ. ಹಾರಿ ಹನ್ನೆರಡು ನಿಮಿಷವೂ ತುಂಬಿರಲಿಲ್ಲ.

ಇದೇ ವಿಮಾನ ಹಿಂದಿನ ರಾತ್ರಿ ಬಾಲಿಯಿಂದ ಜಕಾರ್ತಾಕ್ಕೆ ಬರುವಾಗ ಇದೇ ತೊಂದರೆ ಕೊಟ್ಟಿತ್ತು. ಅವತ್ತು ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಇದ್ದರು. ಟ್ರಿಮ್ ಮೋಟಾರಿನ ಸ್ವಿಚ್ ಆಫ್ ಮಾಡಿ ಬಚಾವಾದರು. ಒಂದು ಸಿಮ್ಯುಲೇಟರ್ ಪಾಠ ಕೊಡಬಹುದಾಗಿದ್ದ ಅರಿವು ಅವತ್ತು ಮೂರನೇ ಸೀಟಿನ ಅದೃಷ್ಟವಾಗಿ ಬಂದಿತ್ತು. ಆದದ್ದೆಲ್ಲ ಲಾಗ್ ಪುಸ್ತಕಕ್ಕೆ ಸರಿಯಾಗಿ ಏರಲಿಲ್ಲ. ಇದು ಲಯನ್ ಏರ್ ಕಡೆಯ ತಪ್ಪು, ಇಂಡೋನೇಷ್ಯಾದ ತನಿಖಾ ವರದಿ ಅದನ್ನೂ ಎತ್ತಿ ಹೇಳಿದೆ. ಆ ಕಂಪನಿಯ ನಿರ್ವಹಣೆ ಚೆನ್ನಾಗಿತ್ತು ಅಂತ ನಾನೂ ಹೇಳುವುದಿಲ್ಲ. ಆದರೂ ಸಿಮ್ಯುಲೇಟರ್ ವಿಷಯದಲ್ಲಿ ಅವರು ಕೇಳಿದ ಮಾತು ಸರಿಯಾಗಿತ್ತು.

ಗೂಬೆ ಕೂರಿಸಿದ್ದು ಯಾರ ಮೇಲೆ

2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ 302 ಅಡಿಸ್ ಅಬಾಬಾದಿಂದ ಹೊರಟ ಆರೇ ನಿಮಿಷಕ್ಕೆ ಬಿತ್ತು. 157 ಜನ. ಅವರಲ್ಲಿ ನಾಲ್ವರು ಭಾರತೀಯರು. ಅದೇ ಎಂಕ್ಯಾಸ್, ಮತ್ತೆ ಒಂದು ಸೆನ್ಸರಿನ ಸುಳ್ಳು.

ಈಡಿಯಟ್ ಅನ್ನುವ ಹೆಸರು ಈಗ ಚಾಟ್ ದಾಟಿ ಸೂಟು ಹಾಕಿಕೊಂಡು ಹೊರಗೆ ಬಂತು. ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಒಬ್ಬ ಸದಸ್ಯರು, ಅಮೆರಿಕದಲ್ಲಿ ತರಬೇತಾದ ಪೈಲಟ್‌ಗಳಾಗಿದ್ದರೆ ಇದನ್ನು ನಿಭಾಯಿಸುತ್ತಿದ್ದರು ಅಂದರು. ಬಡ ದೇಶಗಳ ಪೈಲಟ್‌ಗಳಿಗೆ ಕೈಯಲ್ಲಿ ಹಾರಿಸಲು ಬರುವುದಿಲ್ಲ, ಯಂತ್ರ ನಂಬಿ ಕೂತಿರುತ್ತಾರೆ ಅನ್ನುವ ಮಾತು ಹರಡಿತು. ಇದಕ್ಕೂ ಒಂದು ಹಳೇ ಅಡ್ಡಹೆಸರಿದೆ: ‘ಮೆಜೆಂಟಾ ಮಕ್ಕಳು’. ಕಾಕ್‌ಪಿಟ್ ಪರದೆಯಲ್ಲಿ ದಾರಿ ತೋರಿಸುವ ಗೆರೆಯ ಬಣ್ಣ ಮೆಜೆಂಟಾ. ಅದರ ಹಿಂದೆ ಕಣ್ಣು ಮುಚ್ಚಿ ಹೋಗುವವರು ಅಂತ ಅರ್ಥ. ತಮಾಷೆ ನೋಡಿ, ಆ ಹೆಸರು ಹುಟ್ಟಿದ್ದು ಬಡ ದೇಶದ ಪೈಲಟ್‌ಗಳನ್ನು ನೋಡಿ ಅಲ್ಲ. 1997ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ತರಬೇತುದಾರ ಕ್ಯಾಪ್ಟನ್ ವಾರೆನ್ ವ್ಯಾಂಡರ್‌ಬರ್ಗ್ ಅದನ್ನು ಬಳಸಿದ್ದು ತಮ್ಮದೇ ಪೈಲಟ್‌ಗಳಿಗೆ ಪಾಠ ಮಾಡುವಾಗ. ಒಂದು ಮನೆಯೊಳಗಿನ ಬುದ್ಧಿಮಾತು ಹೊರಗೆ ಬಂದರೆ ಬೈಗುಳವಾಗುತ್ತದೆ.

ಲಯನ್ ಏರ್ 610ರ ಕ್ಯಾಪ್ಟನ್ ಭವ್ಯೆ ಸುನೇಜಾ. ದೆಹಲಿಯವರು, 31 ವರ್ಷ, 6,000 ಗಂಟೆ ದಾಟಿದ ಹಾರಾಟದ ಅನುಭವ. ಅವರು ವಿಮಾನ ಹಾರಿಸಲು ಕಲಿತದ್ದು ಎಲ್ಲಿ ಗೊತ್ತಾ? ಕ್ಯಾಲಿಫೋರ್ನಿಯಾದಲ್ಲಿ.

ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ ಹೆಸರಾದ ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ 2019ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಎದುರು ಬಂದರು. ಈ ಹಾರಾಟಗಳನ್ನು ಸಿಮ್ಯುಲೇಟರಿನಲ್ಲಿ ತಾವೇ ಮಾಡಿ ನೋಡಿದ್ದರು. ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದ ತಮಗೂ, ಆ ಪೈಲಟ್‌ಗಳಿಗೆ ಸಮಯವೂ ಎತ್ತರವೂ ಹೇಗೆ ಮುಗಿದುಹೋಯಿತು ಅನ್ನುವುದು ಕಂಡಿತು ಅಂದರು. ಅವರಿಗೆ ಯಾರೂ ಪೆದ್ದ ಅನ್ನಲಿಲ್ಲ.

ಕ್ಷಮೆ ಕೇಳಿದ್ದು ಯಾವುದಕ್ಕೆ

ಚಾಟ್‌ಗಳು ಹೊರಬಿದ್ದ ದಿನ ಬೋಯಿಂಗ್ ಕ್ಷಮೆ ಕೇಳಿತು. ಈ ಮಾತುಗಳು ನಮ್ಮ ಕಂಪನಿ ಎಂಥದ್ದು ಅನ್ನುವುದನ್ನು ತೋರಿಸುವುದಿಲ್ಲ, ಇವನ್ನು ಒಪ್ಪಲು ಸಾಧ್ಯವೇ ಇಲ್ಲ ಅಂದಿತು. ಎಫ್‌ಎಎಗೆ, ಸಂಸತ್ತಿಗೆ, ವಿಮಾನ ಕಂಪನಿಗಳಿಗೆ, ಪ್ರಯಾಣಿಕರಿಗೆ ಕ್ಷಮೆ.

ಇಲ್ಲಿ ನನಗೆ ತಕರಾರಿದೆ. ಮಾತಿಗೆ ಕ್ಷಮೆ ಕೇಳುವುದು ಬಹಳ ಅಗ್ಗ. ಕೆಟ್ಟ ಪದ ಬಳಸಿದವರಿಗೆ ಎರಡು ಬುದ್ಧಿ ಹೇಳಿ, ಎಲ್ಲರಿಗೂ ಒಂದು ಗಂಟೆಯ ಸಭ್ಯ ಭಾಷೆಯ ಕ್ಲಾಸ್ ಮಾಡಿಸಿದರೆ ಮುಗಿಯಿತು. ಆದರೆ ಆ ‘ಈಡಿಯಟ್ಸ್’ ತೆಗೆದು ಅಲ್ಲಿ ‘ಮಾನ್ಯ ಗ್ರಾಹಕರು’ ಅಂತ ಹಾಕಿ ನೋಡಿ. ಈಗ ಮಾನ್ಯ ಗ್ರಾಹಕರಿಗೆ ಸಿಮ್ ಬೇಕಂತೆ, ಇದನ್ನು ಹೇಗೆ ತಪ್ಪಿಸೋದು ಅಂತ ಒದ್ದಾಡ್ತಿದ್ದೀನಿ. ಲಯನ್ ಏರ್‌ಗೆ ಸಿಮ್ ಸಿಗುತ್ತಿತ್ತಾ? ಇಲ್ಲ. ಆ ಮಾರ್ಚಿನ ನೀಟಾದ ಇಮೇಲ್ ನೆನಪಿದೆಯಲ್ಲ. ಬೈಗುಳ ಬೇರೆಲ್ಲಿಂದಲೋ ಉದುರಿದ್ದಲ್ಲ. ಒಪ್ಪಂದದ ಆ 10 ಲಕ್ಷ ಡಾಲರಿನ ಸಾಲು ನೌಕರನ ಬಾಯಿಗೆ ಬಂದಾಗ ಹಾಗೆ ಕೇಳಿಸಿತು. ಸಾಲು ಬರೆದವರು ಚಾಟ್ ಮಾಡಲಿಲ್ಲ, ಅದಕ್ಕೇ ಅವರ ಮಾತು ಯಾವ ಪತ್ರಿಕೆಯ ತಲೆಬರಹವೂ ಆಗಲಿಲ್ಲ.

ಹಾಗಂತ ಬೈಗುಳ ಸುಮ್ನೆ ಸದ್ದು ಅಂತಲೂ ಅಲ್ಲ. ಅದು ಮಾಡುವ ಉಪಕಾರ ಬೇರೆ. ಲಯನ್ ಏರ್‌ನವರು ಯಾಕೆ ಕೇಳುತ್ತಿದ್ದಾರೆ, ಅವರ ಪೈಲಟ್‌ಗಳಿಗೆ ಏನು ಅಳುಕು ಅಂತ ಕೂತು ಯೋಚಿಸಿದರೆ ಬೋಯಿಂಗ್‌ನ ಆ ಮನುಷ್ಯನಿಗೆ ರಾತ್ರಿ ನಿದ್ದೆ ಕೆಡುತ್ತಿತ್ತು. ಈಡಿಯಟ್ಸ್ ಅಂದ, ಯೋಚಿಸುವ ಕೆಲಸ ತಪ್ಪಿತು. ಅವನೂ ನಮ್ಮ ಹಾಗೇ ಸಂಬಳದವನು.

ಕೋರ್ಟಿನ ಕತೆ ಚಿಕ್ಕದು. 2021ರ ಜನವರಿಯಲ್ಲಿ ಬೋಯಿಂಗ್ ಅಮೆರಿಕ ಸರ್ಕಾರದ ಜತೆ 250 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ದಂಡ ಅಂತ ಇದ್ದದ್ದು 24.36 ಕೋಟಿ. 50 ಕೋಟಿ ಸತ್ತವರ ಕುಟುಂಬಗಳಿಗೆ, ಬಹುಪಾಲು ವಿಮಾನ ಕಂಪನಿಗಳಿಗೆ. ಎಫ್‌ಎಎಯನ್ನು ದಾರಿ ತಪ್ಪಿಸಿದ ಹೊಣೆ ಇಬ್ಬರು ತಾಂತ್ರಿಕ ಪೈಲಟ್‌ಗಳ ಮೇಲೆ ಬಂತು. ಫೋರ್ಕ್ನರ್ ಮೇಲೆ ಕೇಸೂ ಆಯಿತು. ಮೇಲಿನವರ ತಪ್ಪಿಗೆ ಇವರನ್ನು ಬಲಿ ಕೊಡುತ್ತಿದ್ದಾರೆ ಅನ್ನುವುದು ಅವರ ವಕೀಲರ ವಾದ. 2022ರ ಮಾರ್ಚ್ 23ರಂದು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಜ್ಯೂರಿ ಎರಡು ಗಂಟೆಯೂ ತೆಗೆದುಕೊಳ್ಳದೆ ಅವರನ್ನು ನಿರ್ದೋಷಿ ಅಂದಿತು. ಜೋರಾಗಿ ಮಾತಾಡಿದವನೇ ಸಿಕ್ಕಿಬೀಳುವುದು ಎಲ್ಲ ಆಫೀಸಿನ ನಿಯಮ ತಾನೇ. ಆ ಜ್ಯೂರಿಗೂ ಹಾಗೇ ಅನ್ನಿಸಿರಬಹುದು.

ನೋಯ್ಡಾದ ಸಿಮ್ಯುಲೇಟರ್

ಒಂದು ದಿನಾಂಕ ಮೇಲೆ ಬಿಟ್ಟುಹೋಯಿತು. 2020ರ ಜನವರಿ 7. ಮ್ಯಾಕ್ಸ್ ಮತ್ತೆ ಹಾರುವ ಮೊದಲು ಎಲ್ಲ ಪೈಲಟ್‌ಗಳಿಗೂ ಸಿಮ್ಯುಲೇಟರ್ ತರಬೇತಿ ಆಗಬೇಕು ಅಂತ ಬೋಯಿಂಗ್ ತಾನೇ ಶಿಫಾರಸು ಮಾಡಿತು. ಲಯನ್ ಏರ್ ಎರಡೂವರೆ ವರ್ಷದ ಹಿಂದೆ ಕೇಳಿದ್ದು ಇದನ್ನೇ. ಚಾಟ್‌ಗಳು ಹೊರಬಂದದ್ದು ಎರಡು ದಿನ ಕಳೆದು.

ಅಮೆರಿಕ 2020ರ ನವೆಂಬರ್‌ನಲ್ಲಿ ಮ್ಯಾಕ್ಸ್‌ಗೆ ಮತ್ತೆ ಅನುಮತಿ ಕೊಟ್ಟಿತು. ಭಾರತ ಆತುರ ಪಡಲಿಲ್ಲ. ಡಿಜಿಸಿಎ ಒಪ್ಪಿದ್ದು 2021ರ ಆಗಸ್ಟ್‌ನಲ್ಲಿ, ಸಿಮ್ಯುಲೇಟರ್ ತರಬೇತಿಯ ಷರತ್ತಿನ ಮೇಲೆ. ಮುಂದಿನ ವರ್ಷ ಆಕಾಸಾ ಏರ್ ಪೂರ್ತಿ ಮ್ಯಾಕ್ಸ್ ವಿಮಾನಗಳನ್ನೇ ಇಟ್ಟುಕೊಂಡು ಬೆಂಗಳೂರಿನಿಂದಲೂ ಹಾರತೊಡಗಿತು. 2024ರ ಜನವರಿಯಲ್ಲಿ ದೇವನಹಳ್ಳಿ ಹತ್ತಿರ 43 ಎಕರೆಯಲ್ಲಿ ಬೋಯಿಂಗ್‌ನ ದೊಡ್ಡ ಎಂಜಿನಿಯರಿಂಗ್ ಕ್ಯಾಂಪಸ್ ಶುರುವಾಯಿತು. ಈ ಚಾಟ್ ಕತೆಯನ್ನು ಕನ್ನಡದಲ್ಲಿ ಬರೆಯಲು ಅದೂ ಒಂದು ಕಾರಣ. ಆ ಕಂಪನಿಯ ಕಾಲ್‌ಗಳಲ್ಲಿ ಈಗ ನಮ್ಮ ಹುಡುಗ ಹುಡುಗಿಯರೂ ಕೂತಿರುತ್ತಾರೆ, ಮ್ಯೂಟ್ ಬಟನ್ ಅವರ ಕೈಯಲ್ಲೂ ಇದೆ.

2022ರ ಏಪ್ರಿಲ್‌ನಲ್ಲಿ ಡಿಜಿಸಿಎ ಒಂದು ಆದೇಶ ಹೊರಡಿಸಿತು. ಸ್ಪೈಸ್‌ಜೆಟ್‌ನ 90 ಪೈಲಟ್‌ಗಳು ಮ್ಯಾಕ್ಸ್ ಹಾರಿಸುವ ಹಾಗಿಲ್ಲ. ಅವರು ನೋಯ್ಡಾದ ಒಂದು ಸಿಮ್ಯುಲೇಟರಿನಲ್ಲಿ ತರಬೇತಿ ಮುಗಿಸಿದ್ದರು. ಅಧಿಕಾರಿಗಳು ಹೋಗಿ ನೋಡಿದಾಗ ಆ ಸಿಮ್ಯುಲೇಟರಿನ ಒಂದು ಭಾಗ ಕೆಟ್ಟಿತ್ತು. ಕ್ಯಾಪ್ಟನ್ ಕಡೆಯ ಸ್ಟಿಕ್ ಶೇಕರ್. ಸುನೇಜಾ ಅವರ ಕೈಯಲ್ಲಿ ಗಡಗಡ ಅಂದದ್ದು ಅದೇ. ಆ 90 ಜನ ಮತ್ತೊಮ್ಮೆ ಸಿಮ್ಯುಲೇಟರಿನಲ್ಲಿ ಕೂರಬೇಕಾಯಿತು, ಕಂಬ ಅಲುಗುವ ಸಿಮ್ಯುಲೇಟರಿನಲ್ಲಿ.